ಓಡಿಸುವುದು ಸುಲಭ, ನಿಲ್ಲಿಸುವುದೇ ಕಷ್ಟ: ಮಿಲ್ಲಿಂಗ್ ಮಷಿನ್‌ಗೆ ವೈಪರ್ ಮೋಟರ್ ಕಟ್ಟಿದ ಏಳು ವಾರ

ತಿರುಗುವ ಕಟರ್ ಕೆಳಗೆ ಲೋಹವನ್ನು ಸರಿಸಿ ಕೆತ್ತುವ ನನ್ನ ಪುಟ್ಟ ಮಿಲ್ಲಿಂಗ್ ಮಷಿನ್‌ನ ಲೀಡ್ ಸ್ಕ್ರೂ (ಟೇಬಲ್ ಸರಿಸುವ ಸ್ಕ್ರೂ) ಪಿಚ್ 2 ಮಿ.ಮೀ. ಹ್ಯಾಂಡ್ ವೀಲ್ ಒಂದು ಸುತ್ತು ತಿರುಗಿಸಿದರೆ ಟೇಬಲ್ 2 ಮಿ.ಮೀ. ಸರಿಯುತ್ತದೆ. ಕಳೆದ ಮಳೆಗಾಲದಲ್ಲಿ 300 ಮಿ.ಮೀ. ಉದ್ದದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ 40 ನಗ ಬಂದಿದ್ದವು, ಪ್ರತಿಯೊಂದಕ್ಕೂ ನಾಲ್ಕು ಪಾಸ್, ಅಂದರೆ ಕಟರ್ ಕೆಳಗೆ ನಾಲ್ಕು ಸಲ ಓಡಿಸುವುದು. ಒಂದು ಪಾಸ್‌ಗೆ 150 ಸುತ್ತು, ವಾಪಸ್ ತರಲು ಇನ್ನೂ 150. ಹತ್ತನೇ ಪ್ಲೇಟ್ ಮುಗಿಯುವ ಹೊತ್ತಿಗೆ ಬಲ ಮಣಿಕಟ್ಟು ಊದಿಕೊಂಡಿತ್ತು. ಅದಕ್ಕಿಂತ ಬೇಸರವಾಗಿದ್ದು ಫಿನಿಶ್ ನೋಡಿ. ಕೈ ಬದಲಿಸಿದ ಕಡೆಯೆಲ್ಲ ಕಟರ್ ಒಂದು ಕ್ಷಣ ನಿಂತು ಉಜ್ಜಿ, ಪ್ಲೇಟ್ ಮೇಲೆ ಅಡ್ಡಡ್ಡ ಪಟ್ಟಿ ಬಿದ್ದಿತ್ತು. ಬೆಳಕಿಗೆ ಹಿಡಿದರೆ ಎಷ್ಟು ಸಲ ಕೈ ಬದಲಿಸಿದ್ದೆ ಅಂತ ಎಣಿಸಬಹುದಿತ್ತು.

ಅಪ್ಪ ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ವರ್ಷಾನುಗಟ್ಟಲೆ ಎಚ್‌ಎಂಟಿ ಎಫ್‌ಎನ್ 2 ಮಿಲ್ಲಿಂಗ್ ಮಷಿನ್ ಓಡಿಸಿದವರು. ದಾಸರಹಳ್ಳಿಯ ನಮ್ಮ ಮನೆ ಹಿಂದಿನ ಶೆಡ್‌ಗೆ ದಿನಾ ಸಂಜೆ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಪ್ಲೇಟ್ ಕೈಗೆತ್ತಿಕೊಂಡು, "ಇದಕ್ಕೊಂದು ಪವರ್ ಫೀಡ್ (ಟೇಬಲ್ ಸರಿಸುವ ಮೋಟರ್) ಮಾಡ್ಕೋ ಮಗಾ. ಆದ್ರೆ ಮೊದಲು ಎಲ್ಲಿ, ಹೆಂಗೆ ನಿಲ್ಲುತ್ತೆ ಅಂತ ಯೋಚನೆ ಮಾಡು. ಓಡೋದು ಹೆಂಗೋ ಓಡುತ್ತೆ" ಅಂದರು. ಆ ಮಾತಿನ ತೂಕ ಗೊತ್ತಾಗಲು ನನಗೆ ಏಳು ವಾರ, ಮೋಟರ್ ಸ್ಪೀಡ್ ಹೊಂದಿಸುವ ಒಂದು ಪಿಡಬ್ಲ್ಯುಎಂ ಬೋರ್ಡ್ ಮತ್ತು ಒಂದು ಕಾರ್ಬೈಡ್ ಕಟರ್ ಬೇಕಾಯಿತು. ನೀವು ಇದೇ ಕೆಲಸಕ್ಕೆ ಕೈ ಹಾಕುವವರಾದರೆ ಅಷ್ಟೂ ಕಳೆದುಕೊಳ್ಳುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಿದ್ಧ ಯೂನಿಟ್ ವಿಚಾರಿಸಿದೆ. ₹18,000ಕ್ಕೂ ಮೇಲೆ ಹೇಳಿದರು. ಅದೂ ದೊಡ್ಡ ಟರೆಟ್ ಮಿಲ್ಲಿಂಗ್ ಮಷಿನ್ ಅಳತೆಗೆ ಮಾಡಿದ್ದು, ನನ್ನ 12 ಮಿ.ಮೀ. ಶಾಫ್ಟ್‌ಗೆ ಕೂರಿಸಬೇಕಾದರೆ ಅರ್ಧ ಹೊಸದಾಗಿ ಮಾಡಬೇಕು. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. 10 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್ ಮಿಲ್ ಕಟರ್, ನಾಲ್ಕು ಹಲ್ಲು. ಎಂಎಸ್‌ಗೆ ನಿಮಿಷಕ್ಕೆ 25 ಮೀಟರ್ ಕಟಿಂಗ್ ಸ್ಪೀಡ್ ಹಿಡಿದರೆ ಸ್ಪಿಂಡಲ್ (ಕಟರ್ ತಿರುಗಿಸುವ ಶಾಫ್ಟ್) ಸುಮಾರು 800 ಆರ್‌ಪಿಎಂ. ಹಲ್ಲಿಗೆ 0.03 ಮಿ.ಮೀ. ಫೀಡ್ ಕೊಟ್ಟರೆ ಟೇಬಲ್ ನಿಮಿಷಕ್ಕೆ ಸುಮಾರು 95 ಮಿ.ಮೀ. ಸರಿಯಬೇಕು. 2 ಮಿ.ಮೀ. ಪಿಚ್‌ಗೆ ಅದು 48 ಸುತ್ತು. ಕಾರಿನ ವೈಪರ್ ಮೋಟರ್ ಕಡಿಮೆ ಸ್ಪೀಡಿನಲ್ಲಿ ತಿರುಗುವುದೂ ಹೆಚ್ಚುಕಮ್ಮಿ ಅಷ್ಟೇ. ಒಳಗೆ ವರ್ಮ್ ಗೇರ್ (ಸ್ಕ್ರೂ ಆಕಾರದ ಶಾಫ್ಟ್ ಹಲ್ಲಿನ ಚಕ್ರವನ್ನು ತಿರುಗಿಸುವ ಜೋಡಿ) ಇರುವುದರಿಂದ ಎಳೆಯುವ ಶಕ್ತಿಗೂ ಕೊರತೆಯಿಲ್ಲ. ಬೇರೆ ಮೋಟರ್ ಹುಡುಕುವ ಅಗತ್ಯವೇ ಇಲ್ಲ ಅನ್ನಿಸಿತು.

ಶಿವಾಜಿನಗರದ ಗುಜರಿಯಲ್ಲಿ ಸಣ್ಣ ಕಾರಿನ ವೈಪರ್ ಮೋಟರ್ ₹750ಕ್ಕೆ ಸಿಕ್ಕಿತು. ಅಲ್ಲಿಗೆ ಹೋಗುವಾಗ ಸಣ್ಣದೊಂದು 12 ವೋಲ್ಟ್ ಬ್ಯಾಟರಿ, ಎರಡು ತುಂಡು ವೈರ್ ಜೊತೆಗೆ ಒಯ್ಯಿರಿ. ನಾನು ಮೂರು ಮೋಟರ್ ಓಡಿಸಿ ನೋಡಿದೆ. ಒಂದರಲ್ಲಿ ಗೇರ್ ಸವೆದು ಪ್ರತಿ ಸುತ್ತಿಗೂ ಟಕ್ ಅನ್ನುತ್ತಿತ್ತು, ಇನ್ನೊಂದು ಕೊಂಚ ಹೊತ್ತಿಗೇ ಬಿಸಿಯಾಯಿತು. ಶಾಫ್ಟ್ ತುದಿಯ ನಟ್ ಇದೆಯೇ ಅಂತಲೂ ನೋಡಿಕೊಳ್ಳಿ. ಆಮೇಲೆ ಅದೇ ಥ್ರೆಡ್‌ನ ನಟ್ ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಮನೆಗೆ ತಂದು ಬಿಚ್ಚಿದ ಮೇಲೆ ಮೊದಲ ತೊಡಕು ಕಣ್ಣಿಗೆ ಬಿತ್ತು. ವೈಪರ್ ಮೋಟರ್ ಶಾಫ್ಟ್ ತುದಿ ನೇರ ಇರುವುದಿಲ್ಲ. ಟೇಪರ್ ಇರುತ್ತದೆ, ಅಂದರೆ ತುದಿಗೆ ಹೋದಂತೆ ಸಪೂರವಾಗುತ್ತದೆ, ಮೇಲೆ ಸಣ್ಣ ಸಣ್ಣ ಹಲ್ಲು. ಎರಡು ಶಾಫ್ಟ್ ಜೋಡಿಸಲು ಅಂಗಡಿಯಲ್ಲಿ ಸಿಗುವ ಯಾವ ಕಪ್ಲಿಂಗೂ ಅದಕ್ಕೆ ಕೂರುವುದಿಲ್ಲ. ಮೊದಲ ಭಾನುವಾರ ನೇರ ಬೋರ್ ಹೊಡೆದು ಎರಡು ಗ್ರಬ್ ಸ್ಕ್ರೂ ಬಿಗಿದೆ. ಹತ್ತು ನಿಮಿಷ ಓಡಿತು, ಸಡಿಲವಾಯಿತು. ಬಿಗಿದೆ, ಮತ್ತೆ ಸಡಿಲ.

ಪೀಣ್ಯ ಎರಡನೇ ಹಂತದಲ್ಲಿ ಲೇತ್ ಇಟ್ಟಿರುವ ಗೆಳೆಯನ ಬಳಿ ಹೋದೆ. ಇಎನ್ 8 ಉಕ್ಕಿನ ರಾಡ್ ಕಟ್ಟಿ, ಟೂಲ್ ಹಿಡಿದಿರುವ ಕಾಂಪೌಂಡ್ ಸ್ಲೈಡ್ ತಿರುಗಿಸಿ ಟೇಪರ್ ಬೋರ್ ಮಾಡಿದೆವು. ಕೋನ ಎಷ್ಟು ಅಂತ ಅಳೆಯಲು ನಮ್ಮಲ್ಲಿ ಸರಿಯಾದ ಸಾಧನ ಇರಲಿಲ್ಲ, ಹಾಗಾಗಿ ನೀಲಿ ಹಚ್ಚಿ ನೋಡುವ ಹಳೆಯ ದಾರಿಯನ್ನೇ ಹಿಡಿದೆವು. ಶಾಫ್ಟ್ ಮೇಲೆ ತೆಳ್ಳಗೆ ನೀಲಿ ಸವರಿ, ಬೋರ್‌ನೊಳಗೆ ಒತ್ತಿ, ಸ್ವಲ್ಪ ತಿರುಗಿಸಿ ಹೊರಗೆ ತೆಗೆಯುವುದು. ಮೊದಲ ಸಲ ನೀಲಿ ಬಾಯಿಯ ಹತ್ತಿರ ಒಂದು ಉಂಗುರದಷ್ಟು ಮಾತ್ರ ಅಂಟಿತು. ಸ್ಲೈಡ್ ಕೂದಲೆಳೆಯಷ್ಟು ಸರಿಸಿ ಮತ್ತೆ ಒಂದು ಸಣ್ಣ ಕಟ್, ಮತ್ತೆ ನೀಲಿ. ಐದನೇ ಸಲಕ್ಕೆ ಬೋರ್ ಉದ್ದಕ್ಕೂ ಹಲ್ಲುಗಳ ನೀಲಿ ಗೆರೆ ಸಾಲಾಗಿ ಮೂಡಿದವು. ಗೆಳೆಯ ಟಾರ್ಚ್ ಹಿಡಿದು ಒಳಗೆ ನೋಡಿ, "ಕೂತ್ಕೊಳ್ತು ಬಿಡು" ಅಂದ. ನಟ್ ಬಿಗಿದಾಗ ಹಲ್ಲುಗಳು ಹಬ್‌ಗೆ (ಬೋರ್ ಮಾಡಿದ ಆ ತುಂಡಿಗೆ) ಕಚ್ಚಿಕೊಂಡವು, ಇವತ್ತಿನವರೆಗೂ ಅಲ್ಲಾಡಿಲ್ಲ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಸಂಜೆ ಅದು.

ವರ್ಮ್ ಗೇರ್‌ನ ಇನ್ನೊಂದು ಗುಣ ತಿಳಿದಿರಬೇಕು. ಮೋಟರ್ ಲೀಡ್ ಸ್ಕ್ರೂ ತಿರುಗಿಸುತ್ತದೆ, ಆದರೆ ಲೀಡ್ ಸ್ಕ್ರೂ ಹಿಡಿದು ನೀವು ಮೋಟರ್ ತಿರುಗಿಸಲಾಗದು. ಮೋಟರ್ ನೇರವಾಗಿ ಜೋಡಿಸಿದರೆ ಹ್ಯಾಂಡ್ ವೀಲ್ ಕಲ್ಲಾಗಿ ನಿಲ್ಲುತ್ತದೆ. ಆದ್ದರಿಂದ ನಡುವೆ ಕ್ಲಚ್ ಬೇಕೇ ಬೇಕು. ನಾನು ಮಾಡಿದ್ದು ಡಾಗ್ ಕ್ಲಚ್. ಎಡಗಡೆಯ ಹ್ಯಾಂಡ್ ವೀಲ್ ತೆಗೆದು, ಆ ಜಾಗದಲ್ಲಿ ಮುಖದ ಮೇಲೆ ಎರಡು ತೋಡು ಇರುವ ಕಾಲರ್ ಕೂರಿಸಿದೆ. ಎದುರಿಗೆ ಡ್ರೈವ್ ಶಾಫ್ಟ್ ಮೇಲೆ ಹಿಂದೆ ಮುಂದೆ ಜಾರುವ, ಎರಡು ಹಲ್ಲಿನ ಸ್ಲೀವ್. ಲಿವರ್ ಎಳೆದರೆ ಹಲ್ಲು ತೋಡಿನಿಂದ ಹೊರಗೆ ಬರುತ್ತದೆ, ಬಲಗಡೆಯ ವೀಲ್ ಮೊದಲಿನಂತೆ ಹಗುರವಾಗಿ ತಿರುಗುತ್ತದೆ. ಡ್ರೈವ್ ಶಾಫ್ಟ್ ಎರಡು 6202 ಬೇರಿಂಗ್ ಮೇಲೆ ನಿಂತಿದೆ, ಹಾಗಾಗಿ ಮೋಟರ್ ಮೇಲೆ ಪಕ್ಕದ ಭಾರ ಬೀಳುವುದಿಲ್ಲ.

ಕಾಲರ್, ಸ್ಲೀವ್ ಎರಡಕ್ಕೂ ಒಳಗೆ ಕೀವೇ, ಅಂದರೆ ಶಾಫ್ಟ್ ಜೊತೆ ತಿರುಗುವಂತೆ ಹಿಡಿಯುವ ಕೀ ಕೂರುವ ತೋಡು, ಬೇಕಿತ್ತು. ಅದಕ್ಕೆ ಸ್ಲಾಟಿಂಗ್ ಮಷಿನ್ ಇರುವವರ ಹತ್ತಿರ ಹೋಗಬೇಕು. ನಾನು ಹೋದ ಅಂಗಡಿಯ ಯಜಮಾನರು ಎರಡು ಪೀಸ್ ತಿರುಗಿಸಿ ನೋಡಿ, "ಡ್ರಾಯಿಂಗ್ ಎಲ್ಲಿ?" ಅಂದರು. ಬಾಯಲ್ಲಿ ಹೇಳುತ್ತೇನೆ ಅಂದೆ. "ಬಾಯಲ್ಲಿ ಹೇಳಿದ್ದು ಆಮೇಲೆ ಬಾಯಲ್ಲೇ ಜಗಳ ಆಗುತ್ತೆ ಸರ್, ಬರ್ಕೊಂಡು ಬನ್ನಿ" ಅಂದರು. ಅವರು ಹೇಳಿದ್ದು ನ್ಯಾಯ. 12 ಎಚ್7 (ಎಚ್7 ಅಂದರೆ ಬೋರ್ ಅಳತೆ ಎಷ್ಟು ನಿಖರ ಅನ್ನುವ ಗುರುತು) ಬೋರ್‌ಗೆ 4 ಮಿ.ಮೀ. ಕೀ, ಹಬ್ ಕಡೆ ಆಳ 1.8. 15 ಬೋರ್‌ಗೆ 5 ಮಿ.ಮೀ. ಕೀ, ಆಳ 2.3. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಸ್ಲೀವ್‌ನ ಹಲ್ಲಿಗೂ ಕೀವೇಗೂ ಸಂಬಂಧ ಇಲ್ಲದಿದ್ದರೂ, ಎಲ್ಲಿ ಬೇಕು ಅಂತ ಗುರುತು ಹಾಕಿಕೊಡಿ, ಇಲ್ಲದಿದ್ದರೆ ಹಲ್ಲಿನ ತೆಳ್ಳಗಿನ ಬುಡದಲ್ಲೇ ಕೀವೇ ಬೀಳಬಹುದು.

"ನಾಳೆ ಬನ್ನಿ" ಅಂದವರ ನಾಳೆ ಬಂದಿದ್ದು ಹನ್ನೊಂದು ದಿನಕ್ಕೆ. ಅವರಿಗೆ ದೊಡ್ಡ ಲಾಟ್ ಓಡುತ್ತಿತ್ತು, ನನ್ನದು ಎರಡೇ ಪೀಸ್. ಸೆಟ್ಟಿಂಗ್ ಬಿಚ್ಚಿ ನನ್ನದನ್ನು ಕಟ್ಟು ಅನ್ನಲು ನನಗೆ ಬಾಯಿ ಬರಲಿಲ್ಲ. ಆದರೂ ದಿನಾ ಸಂಜೆ ಕೆಲಸ ಬಿಟ್ಟು ಅಲ್ಲಿಗೆ ಹೋಗಿ ಖಾಲಿ ಕೈಯಲ್ಲಿ ಬರುವಾಗ ಮನಸ್ಸು ಮುದುಡುತ್ತಿತ್ತು. ನೀವು ಮಾಡುವುದಾದರೆ ಸ್ಲಾಟಿಂಗ್ ಕೆಲಸವನ್ನು ಎಲ್ಲಕ್ಕಿಂತ ಮೊದಲು ಕೊಟ್ಟುಬಿಡಿ, ಅದು ಬರುವಷ್ಟರಲ್ಲಿ ಉಳಿದದ್ದು ಮುಗಿಯುತ್ತದೆ. ₹350 ತೆಗೆದುಕೊಂಡರು, ಕೀ ಬೆರಳಲ್ಲಿ ಒತ್ತಿದರೆ ಕೂರುವಷ್ಟು ಚೊಕ್ಕ ಕೆಲಸ.

ಆ ಹನ್ನೊಂದು ದಿನದಲ್ಲಿ 12 ಮಿ.ಮೀ. ಅಲ್ಯುಮಿನಿಯಂ ಪ್ಲೇಟ್‌ನಲ್ಲಿ ಬ್ರಾಕೆಟ್ ಮಾಡಿದೆ. ಬೋಲ್ಟ್ ಬಿಗಿದು ಮೊದಲ ಸಲ ಓಡಿಸಿದಾಗ ಮೋಟರ್ ಪ್ರತಿ ಸುತ್ತಿನಲ್ಲೂ ಒಂದು ಜಾಗದಲ್ಲಿ ಉಸಿರು ಕಟ್ಟಿದಂತೆ ನಿಧಾನವಾಗುತ್ತಿತ್ತು. ಡಯಲ್ ಗೇಜ್ ಇಟ್ಟು ನೋಡಿದರೆ ಡ್ರೈವ್ ಶಾಫ್ಟ್ ಲೀಡ್ ಸ್ಕ್ರೂಗಿಂತ 0.6 ಮಿ.ಮೀ. ಕೆಳಗಿತ್ತು. ಬ್ರಾಕೆಟ್ ತೂತುಗಳನ್ನು ಉದ್ದ ಮಾಡಿ, ಟೇಬಲ್ ತುದಿಗೆ ಸರಿಸಿಕೊಂಡು ಹೊಂದಿಸಿ, ಬಿಗಿದ ಮೇಲೆ ಮತ್ತೆ ಸರಿಯದಂತೆ ಎರಡು ಡೋವೆಲ್ ಪಿನ್ ಹೊಡೆದೆ. ಕ್ಲಚ್ ಹಲ್ಲಿಗೂ ತೋಡಿಗೂ ನಡುವೆ 0.3 ಮಿ.ಮೀ. ಪ್ಲೇ (ಸಡಿಲ) ಬಿಟ್ಟೆ. ಹಲ್ಲು ಬಿಗಿಯಾಗಿದ್ದರೆ ಅಷ್ಟಿಷ್ಟು ಉಳಿದ ವ್ಯತ್ಯಾಸವನ್ನು ಅದು ತಾಳಿಕೊಳ್ಳುವುದಿಲ್ಲ.

ಇನ್ನು ಕರೆಂಟಿನ ಕಡೆ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್‌ಗೆ ನಡೆದೇ ಹೋಗಬಹುದು. 12 ವೋಲ್ಟ್ 20 ಆಂಪ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ₹1,150, 10 ಆಂಪ್ ಪಿಡಬ್ಲ್ಯುಎಂ ಸ್ಪೀಡ್ ಕಂಟ್ರೋಲರ್ ₹280, ದಿಕ್ಕು ಬದಲಿಸಲು ನಡುವೆ ಆಫ್ ಇರುವ ಡಿಪಿಡಿಟಿ ಟಾಗಲ್ ಸ್ವಿಚ್ ₹120. ಎಸ್‌ಎಂಪಿಎಸ್‌ನ ಸಣ್ಣ ಸ್ಕ್ರೂ ತಿರುಗಿಸಿ 13.8 ವೋಲ್ಟ್‌ಗೆ ಇಟ್ಟುಕೊಂಡೆ, ಕಾರು ಓಡುವಾಗ ಮೋಟರಿಗೆ ಸಿಗುವುದೂ ಸುಮಾರು ಅಷ್ಟೇ.

ಮುಂದಕ್ಕೆ ಚೆನ್ನಾಗಿ ಓಡಿತು. ಸ್ವಿಚ್ ಹಿಂದಕ್ಕೆ ಹಾಕಿದ ತಕ್ಷಣ ಚಟ್ ಅಂತ ಫ್ಯೂಸ್ ಹೋಯಿತು. ಹೊಸ ಫ್ಯೂಸ್ ಹಾಕಿದೆ, ಅದೂ ಹೋಯಿತು. ಕಾರಣ ಹುಡುಕಲು ಎರಡು ಸಂಜೆ ಹಿಡಿಯಿತು. ಕಾರಿನಲ್ಲಿ ಬಾಡಿಯೇ ನೆಗೆಟಿವ್ ಆಗಿರುವುದರಿಂದ ಇಂಥ ಎಷ್ಟೋ ಮೋಟರ್‌ಗಳಲ್ಲಿ ನೆಗೆಟಿವ್ ಬ್ರಷ್ ಅನ್ನು ಒಳಗಡೆಯೇ ಮೋಟರ್ ಮೈಗೆ ಜೋಡಿಸಿರುತ್ತಾರೆ. ನಾನು ಎಸ್‌ಎಂಪಿಎಸ್‌ನ ನೆಗೆಟಿವ್ ಅನ್ನು ಮಷಿನ್ ಮೈಗೆ ಕಟ್ಟಿದ್ದೆ. ದಿಕ್ಕು ತಿರುಗಿಸಿದೊಡನೆ ಮೋಟರ್ ಮೈ ಪಾಸಿಟಿವ್ ಆಯಿತು, ಅದು ಬ್ರಾಕೆಟ್ ಮೂಲಕ ಮಷಿನ್‌ಗೆ ತಾಗಿ ನೇರ ಶಾರ್ಟ್. ಮೋಟರ್ ಮುಚ್ಚಳ ಬಿಚ್ಚಿ, ಮೈಗೆ ಅಂಟಿದ್ದ ಬ್ರಷ್ ವೈರ್ ಕತ್ತರಿಸಿ, ಅದಕ್ಕೆ ಬೇರೆ ವೈರ್ ಬೆಸುಗೆ ಹಾಕಿ ಹೊರಗೆ ತಂದೆ. ಕೆಲಸ ಹದಿನೈದು ನಿಮಿಷದ್ದು. ಮೋಟರ್ ಕಟ್ಟುವ ಮೊದಲೇ ಮಲ್ಟಿಮೀಟರ್‌ನ ಒಂದು ಕಡ್ಡಿ ಮೈಗೆ, ಇನ್ನೊಂದು ವೈರ್‌ಗಳಿಗೆ ಇಟ್ಟು ನೋಡಿ. ಬೀಪ್ ಬಂದರೆ ಮೊದಲು ಇದನ್ನು ಸರಿಮಾಡಿ. 230 ವೋಲ್ಟ್ ಕಡೆಯ ಅರ್ತ್ ಮಾತ್ರ ಮಷಿನ್ ಮೈಗೂ ಬಾಕ್ಸ್‌ಗೂ ಕಡ್ಡಾಯವಾಗಿ ಇರಲೇಬೇಕು, ಅದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ.

ಮಾರನೇ ವಾರ ಪಿಡಬ್ಲ್ಯುಎಂ ಬೋರ್ಡ್ ಸುಟ್ಟಿತು. ಓಡುತ್ತಿದ್ದ ಮೋಟರನ್ನು ನಡುವೆ ನಿಲ್ಲಿಸದೆ ಒಂದೇ ಏಟಿಗೆ ಹಿಂದಕ್ಕೆ ತಿರುಗಿಸಿದ್ದೆ. ಆ ಗಳಿಗೆಯಲ್ಲಿ ಮೋಟರ್ ಎಳೆಯುವ ಕರೆಂಟನ್ನು 10 ಆಂಪ್ ಬೋರ್ಡ್ ತಡೆಯಲಾರದು. 20 ಆಂಪ್‌ನದು ₹650 ಕೊಟ್ಟು ತಂದೆ. ಅಂದಿನಿಂದ ಸ್ವಿಚ್ ನಡುವೆ ತಂದು, ಶಾಫ್ಟ್ ನಿಂತಿದ್ದನ್ನು ಕಣ್ಣಲ್ಲಿ ನೋಡಿ, ಆಮೇಲೇ ದಿಕ್ಕು ಬದಲಿಸುತ್ತೇನೆ.

ಐದನೇ ವಾರ ಟೇಬಲ್ ತುದಿಗೆ ಹೋಗಿ ಗುದ್ದಿತು. ವೈಸ್ ಬೋಲ್ಟ್‌ಗೆ ಸ್ಪ್ಯಾನರ್ ತರಲು ಎರಡು ಹೆಜ್ಜೆ ಆಚೆ ಹೋಗಿದ್ದೆ ಅಷ್ಟೆ. ಮೋಟರ್ ಹಬ್‌ಗೂ ಡ್ರೈವ್ ಶಾಫ್ಟ್‌ಗೂ ನಡುವೆ ಬೇಕೆಂದೇ 2 ಮಿ.ಮೀ. ಹಿತ್ತಾಳೆ ಪಿನ್ ಹಾಕಿದ್ದೆ, ಅದು ತುಂಡಾಗಿ ಉಳಿದದ್ದನ್ನೆಲ್ಲ ಉಳಿಸಿತು. ಅಲ್ಲಿ ಸ್ಟೀಲ್ ಪಿನ್ ಇದ್ದಿದ್ದರೆ ಲೀಡ್ ಸ್ಕ್ರೂ ನಟ್ ಅಥವಾ ಬ್ರಾಕೆಟ್ ಹೋಗುತ್ತಿತ್ತು. ಈ ಮೋಟರ್ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಆದರೆ 2 ಮಿ.ಮೀ. ಪಿಚ್ ಸ್ಕ್ರೂ ಅದರ ಬಲವನ್ನು ಎಷ್ಟೋ ಪಟ್ಟು ಮಾಡಿ ಟೇಬಲ್‌ಗೆ ಕೊಡುತ್ತದೆ.

ಎಫ್‌ಎನ್ 2 ಟೇಬಲ್ ಮುಂದೆ ಬೇಕಾದ ಜಾಗಕ್ಕೆ ಸರಿಸಿ ಬಿಗಿಯುವ ಟ್ರಿಪ್ ಡಾಗ್ ಇರುತ್ತದೆ, ಅದು ಲಿವರ್‌ಗೆ ತಾಗಿದರೆ ಫೀಡ್ ಬಿಟ್ಟುಕೊಳ್ಳುತ್ತದೆ ಅಂತ ಅಪ್ಪ ಬೆರಳಲ್ಲೇ ನೆಲದ ಮೇಲೆ ಬರೆದು ತೋರಿಸಿದರು. ನಾನು ಅದನ್ನೇ ರೋಲರ್ ಇರುವ ಎರಡು ಮೈಕ್ರೋ ಸ್ವಿಚ್‌ನಿಂದ ಮಾಡಿದೆ. ಟೇಬಲ್ ಮುಂದಿನ ಟಿ-ಸ್ಲಾಟ್‌ನಲ್ಲಿ ಎರಡು ಡಾಗ್, ಟೇಬಲ್ ಹೊತ್ತಿರುವ ಸ್ಯಾಡಲ್ ಮೇಲೆ ಎರಡು ಸ್ವಿಚ್. ಸ್ವಿಚ್‌ಗಳ ಎನ್‌ಸಿ (ಒತ್ತದಿದ್ದಾಗ ಮುಚ್ಚಿರುವ) ಕಾಂಟ್ಯಾಕ್ಟ್ ಎರಡೂ ಮೋಟರ್ ವೈರ್‌ನಲ್ಲಿ ಸಾಲಾಗಿ ಬರಬೇಕು, ಪ್ರತಿ ಸ್ವಿಚ್‌ಗೂ ಅಡ್ಡಲಾಗಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದೊಂದು 10ಎ10 ಡಯೋಡ್, ಎರಡೂ ವಿರುದ್ಧ ದಿಕ್ಕಿಗೆ. ಬಲ ತುದಿಯಲ್ಲಿ ಸ್ವಿಚ್ ತೆರೆದುಕೊಂಡಾಗ ಆ ದಿಕ್ಕಿನ ಕರೆಂಟ್ ನಿಲ್ಲುತ್ತದೆ. ದಿಕ್ಕು ಬದಲಿಸಿದರೆ ಕರೆಂಟ್ ಡಯೋಡ್ ಮೂಲಕ ಹರಿದು ಟೇಬಲ್ ಈಚೆ ಬರುತ್ತದೆ. ಡಯೋಡ್ ಇಲ್ಲದಿದ್ದರೆ ಒಮ್ಮೆ ತುದಿ ಮುಟ್ಟಿದ ಟೇಬಲನ್ನು ಕೈಯಲ್ಲೇ ಈಚೆ ತರಬೇಕು. ಡಯೋಡ್ ಉಲ್ಟಾ ಬಿದ್ದರೆ ಸ್ವಿಚ್ ಇದ್ದೂ ಟೇಬಲ್ ನಿಲ್ಲುವುದಿಲ್ಲ. ನನ್ನದರಲ್ಲಿ ಒಂದು ಉಲ್ಟಾ ಬಿದ್ದಿತ್ತು. ಕ್ಲಚ್ ಬಿಡಿಸಿ, ಮೋಟರ್ ಮಾತ್ರ ಓಡಿಸಿ, ಬೆರಳಲ್ಲಿ ಸ್ವಿಚ್ ಒತ್ತಿ ನೋಡಿದ್ದರಿಂದ ಗೊತ್ತಾಯಿತು. ನೀವೂ ಹಾಗೇ ಪರೀಕ್ಷೆ ಮಾಡಿ.

ಟೇಬಲ್ ಈಗ ಸುಮಾರು 0.3 ಮಿ.ಮೀ. ಹೆಚ್ಚುಕಮ್ಮಿಯಲ್ಲಿ ನಿಲ್ಲುತ್ತದೆ. ಶೋಲ್ಡರ್‌ಗೆ (ಮೆಟ್ಟಿಲಿನಂಥ ಅಂಚಿಗೆ) ಅಷ್ಟು ನಿಖರತೆ ಸಾಲದು, ಕೊನೆಯ 1 ಮಿ.ಮೀ. ಕ್ಲಚ್ ಬಿಡಿಸಿ ಕೈಯಲ್ಲೇ ತರುತ್ತೇನೆ.

ನಡುವೆ ಇನ್ನೊಂದು ವಿಚಿತ್ರ ಕಾಟ. ಮೋಟರ್ ಓಡಿದಾಗಲೆಲ್ಲ ಡಿಜಿಟಲ್ ಸ್ಕೇಲ್‌ನ ಅಂಕಿ ಕುಣಿಯುತ್ತಿತ್ತು, ಒಮ್ಮೊಮ್ಮೆ 40 ಮಿ.ಮೀ. ಎಗರುತ್ತಿತ್ತು. ಬ್ರಷ್‌ಗಳ ಕಿಡಿಯ ಗದ್ದಲ ಅದು. ಮೋಟರ್ ಟರ್ಮಿನಲ್‌ಗೆ ಅಡ್ಡ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ, ಮೋಟರ್ ವೈರ್ ಎರಡನ್ನೂ ಹುರಿ ಮಾಡಿ, ಸ್ಕೇಲ್ ವೈರ್‌ನಿಂದ ದೂರ ಎಳೆದ ಮೇಲೆ ನಿಂತಿತು.

ಎಲ್ಲ ಸರಿಹೋಯಿತು ಅಂದುಕೊಂಡ ಆರನೇ ವಾರದಲ್ಲಿ ಅತಿ ದೊಡ್ಡ ಏಟು ಬಿತ್ತು. ಪಾಸ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಸ್ಪಿಂಡಲ್ ನಿಂತಿತು, ಫೀಡೂ ನಿಂತಿತು. 12 ಮಿ.ಮೀ. ಕಾರ್ಬೈಡ್ ಎಂಡ್ ಮಿಲ್ ಪ್ಲೇಟ್‌ನೊಳಗೇ ಕೂತಿತ್ತು. ನಾನು ಕೈ ತೊಳೆಯಲು ಹೋದೆ. ನಲ್ಲಿ ತಿರುಗಿಸುವಷ್ಟರಲ್ಲಿ ಕರೆಂಟ್ ಬಂತು. ನನ್ನ ಸ್ಪಿಂಡಲ್‌ಗೆ ನೋ-ವೋಲ್ಟ್ ಸ್ವಿಚ್ ಇದೆ, ಕರೆಂಟ್ ಬಂದರೂ ಹಸಿರು ಬಟನ್ ಒತ್ತುವವರೆಗೆ ತಿರುಗುವುದಿಲ್ಲ. ಫೀಡ್‌ನ ಟಾಗಲ್ ಸ್ವಿಚ್ ಹಾಗಲ್ಲ, ಹಾಕಿದ ಜಾಗದಲ್ಲೇ ಇರುತ್ತದೆ. ನಿಂತ ಕಟರ್‌ಗೆ ಮೋಟರ್ ಪ್ಲೇಟನ್ನು ನೂಕಿತು. ಶೆಡ್‌ನಿಂದ ಗಾಜು ಒಡೆದಂಥ ಸದ್ದು. ಓಡಿಬಂದಾಗ ₹1,400ರ ಕಟರ್ ಬುಡದಲ್ಲಿ ಮುರಿದಿತ್ತು. ಹಿತ್ತಾಳೆ ಪಿನ್ ಹಾಗೇ ಇತ್ತು, ಕಾರ್ಬೈಡ್ ಅದಕ್ಕಿಂತ ಮೊದಲೇ ಬಿಟ್ಟುಕೊಟ್ಟಿತು. ನಾನು ಮಷಿನ್ ಮುಂದೆ ಬಗ್ಗಿ ನಿಂತಿದ್ದಾಗ ಹೀಗಾಗಿದ್ದರೆ ಆ ಚೂರು ಎಲ್ಲಿಗೆ ಸಿಡಿಯುತ್ತಿತ್ತು ಅಂತ ನೆನೆದು ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಪರಿಹಾರ ಒಂದು 12 ವೋಲ್ಟ್ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್), ಎರಡು ಬಟನ್, ಒಟ್ಟು ₹340. ಸ್ಟಾರ್ಟ್ ಬಟನ್ ಒತ್ತಿದಾಗ ರಿಲೇ ಎಳೆದುಕೊಳ್ಳುತ್ತದೆ, ಆಮೇಲೆ ತನ್ನದೇ ಕಾಂಟ್ಯಾಕ್ಟ್ ಮೂಲಕ ತಾನೇ ಹಿಡಿದುಕೊಂಡಿರುತ್ತದೆ. ಸ್ಟಾಪ್ ಒತ್ತಿದರೆ ಅಥವಾ ಕರೆಂಟ್ ಹೋದರೆ ಬಿಟ್ಟುಕೊಳ್ಳುತ್ತದೆ, ಮತ್ತೆ ಒತ್ತುವವರೆಗೆ ಏಳುವುದಿಲ್ಲ. ಇದರ ಜೊತೆ ಎಸ್‌ಎಂಪಿಎಸ್‌ಗೆ ಬರುವ ಕರೆಂಟನ್ನು ಸ್ಪಿಂಡಲ್ ಸ್ವಿಚ್ ಆದ ಮೇಲಿನ ಲೈನ್‌ನಿಂದ ತೆಗೆದುಕೊಂಡೆ. ಈಗ ಸ್ಪಿಂಡಲ್ ಆನ್ ಇಲ್ಲದೆ ಫೀಡ್ ಓಡುವುದೇ ಇಲ್ಲ. ಸ್ಪಿಂಡಲ್ ವೇಗ ಬದಲಿಸುವ ಎಲೆಕ್ಟ್ರಾನಿಕ್ ಸ್ಪೀಡ್ ಡ್ರೈವ್ ಇರುವ ಮಷಿನ್ ಆದರೆ ಡ್ರೈವ್‌ಗೆ ಮುಂಚಿನ ಲೈನ್ ಹಿಡಿಯಬೇಕು, ಡ್ರೈವ್‌ನಿಂದ ಮೋಟರ್‌ಗೆ ಹೋಗುವ ವೈರ್ ಮುಟ್ಟಲೇಬಾರದು. ಆ ಭಾಗವನ್ನು ನಾನು ಪರಿಚಯದ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿದೆ. ಈ ಲೇಖನದಲ್ಲಿ ಬೇರೆ ಯಾವುದನ್ನು ಬಿಟ್ಟರೂ ರಿಲೇ ವಿಷಯ ಬಿಡಬೇಡಿ.

ಮುರಿದ ಕಟರ್ ಬಿಟ್ಟು ಒಟ್ಟು ಖರ್ಚು ₹5,400, ಕಟರ್ ಸೇರಿಸಿದರೆ ₹6,800. ಮೇಲೆ ಹೇಳದೇ ಉಳಿದದ್ದು ಇಷ್ಟು: ಇಎನ್ 8 ರಾಡ್ ₹300, ಅಲ್ಯುಮಿನಿಯಂ ₹400, ಬೇರಿಂಗ್ ₹260, ಮೈಕ್ರೋ ಸ್ವಿಚ್ ಮತ್ತು ಡಯೋಡ್ ₹180, ಬಾಕ್ಸ್, ಗ್ಲ್ಯಾಂಡ್, ವೈರ್, ಫ್ಯೂಸ್ ಎಲ್ಲ ಸೇರಿ ₹620. ಬಾಕ್ಸ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಎಸ್‌ಎಂಪಿಎಸ್ ಮೈಯೆಲ್ಲ ತೂತು, ಕಬ್ಬಿಣದ ಒಂದು ಚಿಪ್ ಒಳಗೆ ಬಿದ್ದರೆ ಮುಗಿಯಿತು. ಬಲಗಡೆಯ ಹ್ಯಾಂಡ್ ವೀಲ್‌ನ ಹಿಡಿ ಕೂಡ ಬಿಚ್ಚಿಡಿ ಅಥವಾ ಮಡಚುವಂಥದ್ದು ಹಾಕಿ. ಫೀಡ್ ಓಡುವಾಗ ಅದೂ ತಿರುಗುತ್ತಿರುತ್ತದೆ, ಅಂಗಿ ತೋಳಿಗೆ ಸಿಕ್ಕಿಕೊಳ್ಳುತ್ತದೆ.

ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. ಲೋಡ್ ಹೆಚ್ಚಾದರೆ ಈ ಮೋಟರ್ ನಿಧಾನವಾಗುತ್ತದೆ, ಅದರಲ್ಲೂ ಸ್ಪೀಡ್ ನಾಬ್ ಕಡಿಮೆಗೆ ಇಟ್ಟಾಗ. ಒಂದೇ ಸಮ ಫೀಡ್ ಬೇಕೇ ಬೇಕು ಅನ್ನುವವರು ಹೆಚ್ಚು ಹಣ ಹಾಕಿ ಸ್ಟೆಪ್ಪರ್ ಮೋಟರ್ ಕಡೆ ಹೋಗುವುದು ಒಳ್ಳೆಯದು. ನಿಮಿಷಕ್ಕೆ 100 ಮಿ.ಮೀ. ಆಸುಪಾಸೇ ಇದರ ತುದಿ, ಅಲ್ಯುಮಿನಿಯಂಗೆ ಅದು ಸಾಲದು. ಅರ್ಧ ಗಂಟೆಗೂ ಹೆಚ್ಚು ಒಂದೇ ಸಮ ಓಡಿದರೆ ಮೈ ಬಿಸಿಯಾಗುತ್ತದೆ, ನಾನು ಸಣ್ಣ ಫ್ಯಾನ್ ಇಟ್ಟಿದ್ದೇನೆ. ಪವರ್ ಫೀಡ್ ಬಂತು ಅಂತ ಕ್ಲೈಂಬ್ ಮಿಲ್ಲಿಂಗ್‌ಗೆ (ಕಟರ್ ಹಲ್ಲು ಸಾಗುವ ದಿಕ್ಕಿಗೇ ಟೇಬಲ್ ಸರಿಸುವುದಕ್ಕೆ) ಹೋಗಬೇಡಿ. ಸ್ಕ್ರೂ ನಟ್‌ನ ಪ್ಲೇ ಇದ್ದ ಹಾಗೇ ಇರುತ್ತದೆ, ಕಟರ್ ಟೇಬಲನ್ನು ತಾನೇ ಎಳೆದುಕೊಂಡುಬಿಡುತ್ತದೆ.

ಏಳನೇ ಭಾನುವಾರ ಸಂಜೆ 300 ಮಿ.ಮೀ.ನ ಒಂದು ಪ್ಲೇಟ್ ಕಟ್ಟಿ, ಡಾಗ್ ಎರಡನ್ನೂ ಬಿಗಿದು, ಸ್ಟಾರ್ಟ್ ಒತ್ತಿದೆ. ಕೈ ಜೇಬಿನಲ್ಲಿತ್ತು. ಮೂರು ನಿಮಿಷಕ್ಕೂ ಸ್ವಲ್ಪ ಹೆಚ್ಚು ಹೊತ್ತು ಕಟರ್ ಸದ್ದು ಒಂಚೂರೂ ಏರಿಳಿಯಲಿಲ್ಲ. ಡಾಗ್ ಬಂದು ಸ್ವಿಚ್ ರೋಲರ್ ಮೇಲೆ ಹತ್ತಿತು, ಟಿಕ್, ಟೇಬಲ್ ನಿಂತಿತು. ಅಪ್ಪ ಎದ್ದುಬಂದು, ಎಣ್ಣೆ ಒರೆಸಿ, ಹೆಬ್ಬೆರಳಿನ ಉಗುರನ್ನು ಪ್ಲೇಟ್‌ನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಳೆದರು. ಉಗುರು ಎಲ್ಲೂ ತಡೆಯಲಿಲ್ಲ. "ಹಂ, ಇನ್ನೊಂದು ಹಾಕು" ಅಂತ ಹೇಳಿ ಹೋಗಿ ಕುರ್ಚಿಯಲ್ಲಿ ಕೂತರು. ಬಾಕಿ ಉಳಿದಿದ್ದ ಪ್ಲೇಟ್‌ಗಳು ಆ ವಾರವೇ ಮುಗಿದವು.